ಕರಿಕೋಟಿಗೆ ಮುಂಚೆ ಹನ್ನೆರಡನೆಯ ತರಗತಿ

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಖಡಕಿ, ದೇಹು ರೋಡ್ ಕಡೆಯ ಮಾಜಿ ಸೈನಿಕರೂ ಪೊಲೀಸ್ ಇಲಾಖೆಯವರೂ ಸಭೆಯಲ್ಲಿದ್ದೀರಿ. ಹಾಗಾಗಿ ಸೇವೆ ಮುಗಿದ ಮೇಲೆ ವಕೀಲರಾಗಲು ಬೇಕಾದ ಕಾಗದಪತ್ರಕ್ಕೇ ನೇರವಾಗಿ ಬರುತ್ತೇನೆ.

ಮೂವತ್ತೈದು ದಾಟಿ ಪಿಂಚಣಿ ಪಡೆದು ಬಂದ ಸೈನಿಕನಿಗೆ ವಕೀಲನಾಗಲು ವಯಸ್ಸು ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ಹನ್ನೆರಡನೆಯ ತರಗತಿ, ಅಂದರೆ ನಮ್ಮ ಪಿಯುಸಿ. ಹತ್ತು ಪಾಸಾಗಿ ಸೇನೆಗೆ ಭರ್ತಿಯಾದವರಿಗೆ 15 ವರ್ಷ ಸೇವೆಯಾದ ಮೇಲೆ ಪದವಿಗೆ ಸಮಾನವೆಂಬ ಪ್ರಮಾಣಪತ್ರ ಸಿಗುತ್ತದೆ. ಅದು ಗ್ರೂಪ್ ಸಿ ನೌಕರಿಗೆ ನಡೆಯುತ್ತದೆ, ಲಾ ಕಾಲೇಜಿನ ಬಾಗಿಲಲ್ಲಿ ನಡೆಯದು. ಇನ್ನು ಕೆಲವರು ಹನ್ನೆರಡನ್ನು ಹಾರಿ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಬಿ.ಎ. ಮಾಡಿಕೊಂಡಿರುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 5ನೇ ನಿಯಮದ ವಿವರಣೆ ಅದನ್ನೂ ಒಪ್ಪುವುದಿಲ್ಲ. ಹತ್ತು, ಹನ್ನೆರಡು, ಪದವಿ ಎಂಬ ಕ್ರಮದಲ್ಲೇ ಹತ್ತಬೇಕು. ದೂರಶಿಕ್ಷಣದಲ್ಲಿ ಹತ್ತಿದರೂ ಅಡ್ಡಿಯಿಲ್ಲ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಬೇಕು.

ಆದರೆ ಎಲ್‌ಎಲ್‌ಬಿ ದೂರಶಿಕ್ಷಣದಲ್ಲಿ ಆಗದು. ಮೂರು ವರ್ಷದ ಕೋರ್ಸು, ಪ್ರತಿ ವಿಷಯದಲ್ಲೂ ಶೇ. 70 ಹಾಜರಿ. ಸೇವೆಯಲ್ಲಿರುವಾಗ ಪದವಿ, ಬಿಡುಗಡೆಯಾದ ಮೇಲೆ ಸಿಇಟಿ ಬರೆದು ಲಾ: ಈ ಲೆಕ್ಕಾಚಾರವೇ ಕ್ಷೇಮ. ಸನ್ನದು, ಅಂದರೆ ವಕೀಲಿಯ ಪರವಾನಗಿ, ಪಡೆಯುವಾಗಲೂ ಪೂರ್ಣಕಾಲದ ಸಂಬಳದ ನೌಕರಿ ಇರಕೂಡದು. ಬಿಡುಗಡೆ ಪತ್ರವನ್ನು ಜೋಪಾನವಾಗಿಡಿ. ನೈತಿಕ ಅಧಃಪತನದ ಆರೋಪದ ಮೇಲೆ ವಜಾ ಆದವರಿಗೆ ವಕೀಲರ ಕಾಯ್ದೆಯ 24ಎ ಕಲಮಿನಡಿ ಎರಡು ವರ್ಷ ಬಾಗಿಲು ಮುಚ್ಚಿರುತ್ತದೆ. ಸನ್ನದಿನ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, 100 ಪ್ರಶ್ನೆ; ಟಿಪ್ಪಣಿಯಿಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು.

ಇಷ್ಟೆಲ್ಲ ಮುಗಿದ ಮೇಲೆ ಬರುವುದು ಹಳೆಯ ಅಭ್ಯಾಸದ ತೊಡಕು. ಠಾಣೆಯಲ್ಲಿ ಸಾಕ್ಷಿಯ ಹೇಳಿಕೆ ಬರೆದುಕೊಂಡರೆ ಅರ್ಧ ಕೇಸು ಮುಗಿದಂತೆ. ಕೋರ್ಟಿನಲ್ಲಿ ಆ ಹೇಳಿಕೆ ಹೆಚ್ಚುಕಡಿಮೆ ಸಾಕ್ಷಿಯ ಮಾತನ್ನು ಖಂಡಿಸಲು ಮಾತ್ರ ಉಪಯೋಗ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೊರಗಿಡುತ್ತದೆ; ಅದರಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗ ಮಾತ್ರ ಒಳಗೆ ಬರುತ್ತದೆ. ಇಲಾಖೆಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೂ ಇದು ಬೇಗ ಮೈಗೂಡುವುದಿಲ್ಲ.

ಮಾಜಿ ಪೊಲೀಸರ ನಿಜವಾದ ಬಂಡವಾಳ ಪಾಟೀಸವಾಲಿನಲ್ಲಿದೆ. ಸ್ಟೇಷನ್ ಡೈರಿಯಲ್ಲಿ ಹೊರಟ ಸಮಯ, ಪಂಚನಾಮೆಯ ಸಮಯ, ಮುದ್ದೆಮಾಲು (ಜಪ್ತಿಯಾದ ವಸ್ತು) ರಿಜಿಸ್ಟರಿನ ನಮೂದು, ಪ್ರಯೋಗಾಲಯಕ್ಕೆ ಕಳಿಸಿದ ತಾರೀಖು, ಅಲ್ಲಿ ತಲುಪಿದ ಮೊಹರು: ಐದನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ಬಿರುಕು ಇದ್ದರೆ ಅಲ್ಲೇ ಕಾಣುತ್ತದೆ. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೊ ಕಡ್ಡಾಯ, ಅದನ್ನೂ ಕೇಳಿ. ಆದರೆ ತಾವೇ ತನಿಖೆ ಮಾಡಿದ ಕೇಸಿನ ವಕಾಲತ್ತು ಹಿಡಿಯಬೇಡಿ. ಸಾಕ್ಷಿಯಾಗುವ ಸಂಭವವಿರುವವನು ವಕೀಲನಾಗಿ ನಿಲ್ಲುವಂತಿಲ್ಲ.

ಸೈನಿಕರಿಗೆ ಮುಂಬೈಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಒಳ್ಳೆಯ ಗದ್ದೆ. ಅಲ್ಲಿನ ಬಹುಪಾಲು ಜಗಳ ಅಂಗವೈಕಲ್ಯ ಪಿಂಚಣಿಯದು. ಭರ್ತಿಯ ವೈದ್ಯಕೀಯ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಅದು ಸೇವೆಯಿಂದಲೇ ಬಂದಿದ್ದೆಂದು ಊಹಿಸಬೇಕು, ಅಲ್ಲವೆನ್ನುವ ವೈದ್ಯಕೀಯ ಮಂಡಳಿ ಕಾರಣ ಬರೆಯಬೇಕು ಎಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲೇ ತೀರ್ಪಾಗಿದೆ. ಮೊದಲು ಇಲಾಖೆಯ ಮೇಲ್ಮನವಿ, ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅರ್ಜಿ. ತಡವಾದರೆ ಪಿಂಚಣಿ ಸಿಕ್ಕೀತು, ಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ.

ಇನ್ನೊಂದು ಮಾತು, ಇದು ನಮ್ಮವರಿಗೇ. ಶಿವಾಜಿನಗರದ ಕೋರ್ಟಿನಲ್ಲಿ ಎಫ್‌ಐಆರ್, ಪಂಚನಾಮೆ ಬರುವುದು ಮರಾಠಿಯಲ್ಲಿ, ಎಷ್ಟೋ ಸಲ ಅವಸರದ ಕೈಬರಹದಲ್ಲಿ. ಮಾತಾಡುವ ಮರಾಠಿ ಅದಕ್ಕೆ ಸಾಲದು. ಕಾಲೇಜು ಸೇರಿದ ವರ್ಷವೇ ಹಳೆಯ ದೋಷಾರೋಪ ಪಟ್ಟಿಗಳನ್ನು ಹಿರಿಯ ವಕೀಲರಿಂದ ಪಡೆದು, ಸಾಲುಸಾಲಾಗಿ ಓದಲು ಕೂರಿ.