ಬೆಸೆದ ಕೋಶದಲ್ಲಿ ಗೆಲ್ಲುವುದು ಯಾರು?

ಕೇಳುಗರಿಗೆ ನಮಸ್ಕಾರ.

ಇಲಿಯ ಸಹಜ ಜೀವಕೋಶ ಒಂದು, ವೈರಸ್‌ನಿಂದ ಕ್ಯಾನ್ಸರ್ ಸ್ವಭಾವ ತಳೆದ ಕೋಶ ಇನ್ನೊಂದು. ಎರಡನ್ನೂ ಬೆಸೆದು ಒಂದಾಗಿಸಿದರೆ ಯಾವುದರ ಗುಣ ಮೇಲುಗೈ ಪಡೆಯುತ್ತದೆ? ಕ್ಯಾನ್ಸರ್ ಎಂದರೆ ಹೊಸದಾಗಿ ಬಂದು ಸೇರಿದ್ದೋ, ಇದ್ದುದನ್ನು ಕಳೆದುಕೊಂಡದ್ದೋ ಎಂಬುದನ್ನು ಇಷ್ಟು ನೇರವಾಗಿ ಕೇಳಿದ ಪ್ರಯೋಗಗಳು ಕಡಿಮೆ.

ಬೆಸೆಯಲು ನೆರವಾದದ್ದೂ ಒಂದು ವೈರಸ್ಸೇ. ಅತಿನೇರಳೆ ಕಿರಣಕ್ಕೊಡ್ಡಿ ನಿಷ್ಕ್ರಿಯಗೊಳಿಸಿದ ಸೆಂಡೈ ವೈರಸ್ ರೋಗ ತರಲಾರದು. ಆದರೆ ಅಕ್ಕಪಕ್ಕದ ಕೋಶಗಳ ಪೊರೆಗಳನ್ನು ಕೂಡಿಸಬಲ್ಲದು. ಮೊದಲಿಗೆ ಒಂದೇ ಪೊರೆಯೊಳಗೆ ಎರಡು ಕೋಶಕೇಂದ್ರಗಳು ಕಾಣುತ್ತವೆ. ಮುಂದಿನ ವಿಭಜನೆಯಲ್ಲಿ, ಜೀನ್‌ಗಳನ್ನು ಹೊತ್ತ ಎರಡರ ವರ್ಣತಂತುಗಳೂ ಒಂದೇ ಕೇಂದ್ರದಲ್ಲಿ ಸೇರುತ್ತವೆ. ಬೆಸೆಯದೆ ಉಳಿದ ಕೋಶಗಳನ್ನು ತೆಗೆದುಹಾಕುವ ಉಪಾಯವೂ ಉಂಟು: ಒಂದರಲ್ಲಿ ಒಂದು ಕಿಣ್ವವಿಲ್ಲ, ಇನ್ನೊಂದರಲ್ಲಿ ಮತ್ತೊಂದಿಲ್ಲ, ಎರಡೂ ಬೇಕೇ ಬೇಕಾದ ಪೋಷಕ ದ್ರವದಲ್ಲಿ, ಬೆಸೆದು ಎರಡನ್ನೂ ಪಡೆದ ಸಂಕರ ಕೋಶ ಮಾತ್ರ ಬದುಕುತ್ತದೆ.

1969ರಲ್ಲಿ ಆಕ್ಸ್‌ಫರ್ಡ್‌ನ ಹೆನ್ರಿ ಹ್ಯಾರಿಸ್, ಸ್ಟಾಕ್‌ಹೋಮ್‌ನ ಜಾರ್ಜ್ ಕ್ಲೈನ್ ಮತ್ತು ಸಂಗಡಿಗರು ಇಲಿಯ ಉಗ್ರ ಕ್ಯಾನ್ಸರ್ ಕೋಶಗಳನ್ನು ಗಡ್ಡೆ ಕಟ್ಟುವ ಶಕ್ತಿ ತೀರಾ ಕಡಿಮೆಯಿದ್ದ ಕೋಶಗಳೊಂದಿಗೆ ಬೆಸೆದರು. ಉಗ್ರತೆ ಅಡಗಿತು. ಸಂಕರ ಕೋಶಗಳು ಕೆಲವು ವರ್ಣತಂತುಗಳನ್ನು ಕಳೆದುಕೊಂಡಾಗ ಅದು ಮರಳಿತು. ಅಂದರೆ ಸಾಧು ಕೋಶ ತಂದ ವರ್ಣತಂತುಗಳಲ್ಲಿ ಕಡಿವಾಣವಿತ್ತು! ಗಡ್ಡೆ ತಡೆಯುವ ಜೀನ್‌ಗಳ ಕಲ್ಪನೆಗೆ ಇಲ್ಲಿಂದ ದೊಡ್ಡ ಬಲ ಬಂತು.

ವೈರಸ್ ಬದಲಿಸಿದ ಕೋಶದ ಕಥೆ ಇಷ್ಟು ಸರಳವಲ್ಲ. ಕೋತಿಗಳಲ್ಲಿ ಕಂಡುಬಂದ ಎಸ್‌ವಿ40 ಎಂಬ ವೈರಸ್‌ನ ಜೀನ್ ಕೋಶದ ವರ್ಣತಂತುವಿನಲ್ಲೇ ಹೊಕ್ಕು ಕೂತು ಟಿ-ಆಂಟಿಜೆನ್ ಎಂಬ ಪ್ರೋಟೀನನ್ನು ತಯಾರಿಸುತ್ತಲೇ ಇರುತ್ತದೆ. ಅದು, ಕೋಶ ಅಂಕೆಮೀರಿ ವಿಭಜನೆಯಾಗದಂತೆ ತಡೆಯುವ ಪಿ53 ಎಂಬ ಕಾವಲು ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಸಹಜ ಕೋಶ ತಂದ ಪಿ53 ಕೂಡ ಅದೇ ಹಿಡಿತಕ್ಕೆ ಸಿಕ್ಕಿಬೀಳುವುದರಿಂದ, ಇಂಥ ಸಂಕರಗಳಲ್ಲಿ ವೈರಸ್ ತಂದ ಗುಣ ಉಳಿದುಬಿಡುವುದು ಅಚ್ಚರಿಯಲ್ಲ.

ಆದರೂ ‘ಕ್ಯಾನ್ಸರ್ ಗುಣ’ ಎಂದು ಒಟ್ಟಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಅಂಟಿಕೊಳ್ಳಲು ನೆಲವಿಲ್ಲದ ಮೆದು ಅಗರ್ ಎಂಬ ಲೋಳೆಯಂಥ ಮಾಧ್ಯಮದಲ್ಲಿ ಬೆಳೆಯುವುದು ಒಂದು ಗುಣ. ಪ್ರಾಣಿಯ ದೇಹದಲ್ಲಿ ಗಡ್ಡೆ ಕಟ್ಟುವುದು ಇನ್ನೊಂದು. ಸಂಕರ ಕೋಶದಲ್ಲಿ ಇವು ಬೇರ್ಪಡಬಹುದು. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ಪ್ರತಿ ಸಲವೂ ವರ್ಣತಂತುಗಳನ್ನು ಎಣಿಸಬೇಕು. ಎಣಿಸದಿದ್ದರೆ, ಗಡ್ಡೆ ಬಂದದ್ದು ವೈರಸ್‌ನ ಬಲದಿಂದಲೋ, ಕಡಿವಾಣ ಹೊತ್ತ ವರ್ಣತಂತು ಉದುರಿಹೋದದ್ದರಿಂದಲೋ ತಿಳಿಯುವುದಿಲ್ಲ.