ನೋವು ವಿಪರೀತ, ಹೊಟ್ಟೆ ಮಾತ್ರ ಮೆತ್ತಗೆ: ಹಠಾತ್ ಹೊಟ್ಟೆನೋವಿನ ಅಪರೂಪದ ಕಾರಣಗಳು

ಸ್ನೇಹಿತರೆ,

ಹಠಾತ್ತನೆ ಹೊಟ್ಟೆನೋವು ಕಾಣಿಸಿಕೊಂಡು ತುರ್ತು ವಿಭಾಗಕ್ಕೆ ಬರುವವರಲ್ಲಿ ಹೆಚ್ಚಿನವರ ಕಾಯಿಲೆ ಅಪೆಂಡಿಕ್ಸ್, ಪಿತ್ತಕೋಶ, ಮೂತ್ರನಾಳದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ತೂತುಬಿದ್ದ ಹುಣ್ಣು, ಕರುಳಿನ ಅಡಚಣೆ ಇವುಗಳಲ್ಲಿ ಒಂದಾಗಿರುತ್ತದೆ. ಹೆಂಗಸರಾದರೆ ಗರ್ಭನಾಳದಲ್ಲಿ ನಿಂತ ಬಸಿರನ್ನೂ ತಿರುಚಿಕೊಂಡ ಅಂಡಾಶಯವನ್ನೂ ಸೇರಿಸಿಕೊಳ್ಳಬೇಕು. ಇವುಗಳ ವಿಷಯ ನಿಮಗೆಲ್ಲ ಗೊತ್ತಿರುವುದೇ. ಇಂದು ನಾನು ಮಾತನಾಡಬೇಕೆಂದಿರುವುದು ಇವುಗಳಲ್ಲಿ ಯಾವುದಕ್ಕೂ ಹೊಂದದೆ ಉಳಿದುಬಿಡುವ ರೋಗಿಯ ಬಗ್ಗೆ. ಅಪರೂಪದ ಕಾರಣಗಳ ಪಟ್ಟಿ ಬಹಳ ಉದ್ದ. ಅದನ್ನು ಬಾಯಿಪಾಠ ಮಾಡಿಕೊಂಡವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ, ಮಂಚದ ಪಕ್ಕದಲ್ಲಿ ನಿಂತಾಗ ಮಾತ್ರ ತಡವರಿಸುತ್ತಾರೆ. ಅಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಹೊಟ್ಟೆಯನ್ನು ತಡಮಾಡದೆ ತೆರೆಯಬೇಕೇ, ಅಥವಾ ಯಾರೂ ತೆರೆಯದಂತೆ ನೋಡಿಕೊಳ್ಳಬೇಕೇ?

ತೆರೆಯಲು ತಡವಾದರೆ ಪ್ರಾಣಕ್ಕೇ ಎರವಾಗುವ ಕಾಯಿಲೆಗಳಲ್ಲಿ ಮೊದಲನೆಯದು ಕರುಳಿಗೆ ರಕ್ತ ನಿಂತುಹೋಗುವುದು, ಅಂದರೆ ಮೆಸೆಂಟರಿಕ್ ಇಸ್ಕೀಮಿಯಾ. ರೋಗಿ ವಯಸ್ಸಾದವರು, ನಾಡಿ ತಾಳತಪ್ಪಿ ಬಡಿಯುತ್ತಿದೆ, ನೋವಿನಿಂದ ಮಂಚದಲ್ಲಿ ಹೊರಳಾಡುತ್ತಿದ್ದಾರೆ. ಆದರೆ ಕೈಯಿಟ್ಟು ಒತ್ತಿದರೆ ಹೊಟ್ಟೆ ಮೆತ್ತಗಿದೆ. ಈ ತಾಳೆಯಾಗದಿರುವಿಕೆಯೇ ರೋಗದ ಗುರುತು. ಹೃದಯದ ಮೇಲ್ಕೋಣೆಗಳು ತಾಳತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್‌ನಿಂದ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಹೊರಟು, ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಸುಮಾರು 6 ಗಂಟೆಗಳಲ್ಲಿ ಕರುಳಿನ ಗೋಡೆ ಪೂರ್ತಿಯಾಗಿ ಸಾಯತೊಡಗುತ್ತದೆ. ಹೊಟ್ಟೆ ಗಟ್ಟಿಯಾಗುವುದು ಅದು ಸತ್ತ ಮೇಲೆ. ಅಂಗಾಂಶಕ್ಕೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಸಾಮಾನ್ಯ ಮಟ್ಟದಲ್ಲಿದೆ ಎಂದು ನಿರಾಳರಾಗುವವರನ್ನು ಕಂಡರೆ ನನಗೆ ಭಯವಾಗುತ್ತದೆ, ಏಕೆಂದರೆ ಮೊದಲ ಗಂಟೆಗಳಲ್ಲಿ ಅದು ಏರದೆಯೂ ಇರಬಹುದು. ಅನುಮಾನ ಬಂದ ಕೂಡಲೇ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಅಂದರೆ ಸಿಟಿ ಆಂಜಿಯೋಗ್ರಾಂ ಆಗಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಗಾಗಿಯೋ, ಸ್ಕ್ಯಾನಿನಲ್ಲಿ ಕರುಳು ಎದ್ದು ಕಾಣಲೆಂದು ಬಾಯಿಂದ ಕಾಂಟ್ರಾಸ್ಟ್ ದ್ರವ ಕುಡಿಸುವುದಕ್ಕಾಗಿಯೋ ಕಾಯಬಾರದು. ಅಷ್ಟರೊಳಗೆ ದ್ರವ, ಆಮ್ಲಜನಕ, ಆಂಟಿಬಯಾಟಿಕ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರುವಾಗಿರಬೇಕು. ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಹೆಪ್ಪನ್ನು ತೆಗೆದು ರಕ್ತ ಹರಿಸಿ, ಕರುಳಿನ ಬಣ್ಣ ಎಲ್ಲೆಲ್ಲಿ ಮರಳುತ್ತದೆಂದು ನೋಡಿ, ಆಮೇಲಷ್ಟೇ ಸತ್ತ ಭಾಗವನ್ನು ಕತ್ತರಿಸುವುದು ಸರಿಯಾದ ಕ್ರಮ. ಬದುಕೀತೋ ಇಲ್ಲವೋ ಎಂಬಂತಿರುವ ಭಾಗವನ್ನು ಉಳಿಸಿ, 24ರಿಂದ 48 ಗಂಟೆಯೊಳಗೆ ಮತ್ತೊಮ್ಮೆ ತೆರೆದು ನೋಡಬೇಕು. ಅಡಚಣೆ ಅಭಿಧಮನಿಯಲ್ಲಿದ್ದು ಕರುಳು ಇನ್ನೂ ಸತ್ತಿಲ್ಲವಾದರೆ ಬಹುತೇಕ ಹೆಪಾರಿನ್ ಒಂದೇ ಸಾಕಾಗುತ್ತದೆ.

ಇನ್ನೆರಡು ಕಾಯಿಲೆಗಳು ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ತುಂಬ ತೆಳ್ಳಗಿರುವ ವೃದ್ಧೆಗೆ ವಾಂತಿ, ಹೊಟ್ಟೆಯುಬ್ಬರ. ಮೈಮೇಲೆ ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಗುರುತಿಲ್ಲ, ತೊಡೆಸಂದಿಯಲ್ಲಿ ಗಂಟೂ ಇಲ್ಲ. ತೊಡೆಯ ಒಳಭಾಗದಿಂದ ಮೊಣಕಾಲಿನವರೆಗೆ ನೋವಿದೆಯೇ, ಕಾಲನ್ನು ಹಿಂದಕ್ಕೆ ಚಾಚಿ ಒಳಕ್ಕೆ ತಿರುಗಿಸಿದಾಗ ಅದು ಹೆಚ್ಚುತ್ತದೆಯೇ ಎಂದು ಕೇಳಿ. ಆಬ್ಟ್ಯುರೇಟರ್ ಹರ್ನಿಯಾದಲ್ಲಿ, ಅಂದರೆ ಸೊಂಟದ ಮೂಳೆಯ ಕಿಂಡಿಯೊಂದರಲ್ಲಿ, ಸಿಕ್ಕಿಬಿದ್ದ ಕರುಳು ಅಲ್ಲಿಂದ ತೊಡೆಗೆ ಹೋಗುವ ನರವನ್ನು ಅದುಮುವುದರಿಂದ ಬರುವ ನೋವಿದು. ಮೊಣಕಾಲಿನ ಮುಲಾಮಿನಲ್ಲೇ ಎಷ್ಟೋ ದಿನ ಕಳೆದುಹೋಗಿರುತ್ತವೆ. ಮತ್ತೊಂದು, ಪಿತ್ತಕೋಶದ ದೊಡ್ಡ ಕಲ್ಲು, ಸಾಮಾನ್ಯವಾಗಿ 2.5 ಸೆಂಟಿಮೀಟರಿಗಿಂತ ಹೆಚ್ಚಿನದು, ಗೋಡೆ ಕೊರೆದು ಕರುಳಿಗಿಳಿದು ಸಣ್ಣ ಕರುಳಿನ ಕೊನೆಯಲ್ಲಿ ಸಿಕ್ಕಿಕೊಳ್ಳುವುದು. ಕಲ್ಲು ಉರುಳುತ್ತ ನಿಲ್ಲುತ್ತ ಸಾಗುವುದರಿಂದ ಅಡಚಣೆಯ ಲಕ್ಷಣಗಳು ಬಂದು ಹೋಗಿ ಮಾಡುತ್ತವೆ. ಸ್ಕ್ಯಾನಿನಲ್ಲಿ ಪಿತ್ತನಾಳದೊಳಗೆ ಗಾಳಿ ಕಂಡರೆ ಸಂಶಯ ಬಹುಪಾಲು ಬಗೆಹರಿಯಿತು. ಕಲ್ಲನ್ನು ತೆಗೆಯಿರಿ, ಇಡೀ ಕರುಳನ್ನು ಬೆರಳಲ್ಲಿ ಸವರಿ ಎರಡನೆಯ ಕಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸೊರಗಿದ ರೋಗಿಯಲ್ಲಿ ಪಿತ್ತಕೋಶದ ತಂಟೆಗೆ ಅಂದೇ ಹೋಗುವುದು ಜಾಣತನವಲ್ಲ.

ಈಗ ತೆರೆಯಬಾರದ ಹೊಟ್ಟೆಗಳು. ಕೆಲವು ಸರಳ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಜೋರಾಗಿ ಕೆಮ್ಮಿದ ಮೇಲೆ ಹೊಟ್ಟೆಯ ಸ್ನಾಯುವಿನೊಳಗೆ ರಕ್ತ ಸೋರಬಹುದು: ನೋಯುವ ಜಾಗದ ಮೇಲೆ ಬೆರಳಿಟ್ಟು, ದಿಂಬಿನಿಂದ ತಲೆ ಎತ್ತಲು ಹೇಳಿ. ನೋವು ಹೆಚ್ಚಿದರೆ ಅದು ಗೋಡೆಯದು, ಕಡಿಮೆಯಾದರೆ ಒಳಗಿನದು. ದೊಡ್ಡ ಕರುಳಿನ ಹೊರಗೆ ನೇತಾಡುವ ಕೊಬ್ಬಿನ ಕುಚ್ಚು ತಿರುಚಿಕೊಂಡರೂ ಅಪೆಂಡಿಸೈಟಿಸ್‌ನಂತೆಯೇ ನೋಯುತ್ತದೆ. ಸಿಟಿಯಲ್ಲಿ ಅದನ್ನು ಗುರುತಿಸಿದರೆ ನೋವುಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು.

ಕಷ್ಟದ್ದು ಅಕ್ಯೂಟ್ ಇಂಟರ್ಮಿಟೆಂಟ್ ಪೋರ್ಫೈರಿಯಾ, ಅಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ದೇಹದಲ್ಲಿ ತಯಾರಾಗುವ ಹಾದಿಯಲ್ಲಿನ ಆನುವಂಶಿಕ ದೋಷ. ಮುಟ್ಟಿನ ಮುಂಚಿನ ದಿನಗಳಲ್ಲೋ, ಕಟ್ಟುನಿಟ್ಟಿನ ಉಪವಾಸದ ನಂತರವೋ, ಹೊಸ ಮಾತ್ರೆಯೊಂದು ಶುರುವಾದ ಮೇಲೋ ಯುವತಿಗೆ ದಿನಗಟ್ಟಲೆ ಬಿಡದ ಹೊಟ್ಟೆನೋವು, ಮಲಬದ್ಧತೆ, ಓಡುವ ನಾಡಿ, ಏರಿದ ರಕ್ತದೊತ್ತಡ, ಇಳಿದ ಸೋಡಿಯಂ. ಸ್ಕ್ಯಾನಿನಲ್ಲಿ ಏನೂ ಇಲ್ಲ, ಏಕೆಂದರೆ ನೋಯುತ್ತಿರುವುದು ನರ. ಕಿಟಕಿಯ ಬೆಳಕಿಗಿಟ್ಟ ಮೂತ್ರದ ಸೀಸೆ ಹೊತ್ತು ಕಳೆದಂತೆ ಕಪ್ಪುಗೆಂಪಿಗೆ ತಿರುಗುತ್ತದೆ. ಪ್ರಯೋಗಾಲಯಕ್ಕೆ ಕಳಿಸುವ ಮಾದರಿಯನ್ನಾದರೋ ಬೆಳಕು ತಾಗದಂತೆ ಸುತ್ತಿ, ಈ ಕಾಯಿಲೆಯಲ್ಲಿ ಮೂತ್ರದಲ್ಲಿ ಏರುವ ಪೋರ್ಫೋಬಿಲಿನೋಜೆನ್ ಎಷ್ಟಿದೆಯೆಂದು ಕೇಳಬೇಕು. ಇಲ್ಲಿ ಆತುರದ ಶಸ್ತ್ರಚಿಕಿತ್ಸೆ ನಿಷ್ಫಲವಾಗುವುದಷ್ಟೇ ಅಲ್ಲ, ಅರಿವಳಿಕೆಗೆ ಥಯೋಪೆಂಟೋನ್ ಕೊಟ್ಟರೆ ಕಾಯಿಲೆಯೇ ಉಲ್ಬಣಿಸುತ್ತದೆ. ಸೋಡಿಯಂ ಇಳಿದು ಫಿಟ್ಸ್ ಬಂದಾಗ ಅಭ್ಯಾಸಬಲದಿಂದ ಫೆನಿಟೋಯಿನ್ ಕೊಟ್ಟರೂ ಅದೇ ಪರಿಣಾಮ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಕಾರಣವಾದ ಔಷಧಿ ನಿಲ್ಲಿಸಿ, ನೋವಿಗೆ ಮಾರ್ಫಿನ್ ಧಾರಾಳವಾಗಿ ಕೊಡಿ, ಗ್ಲೂಕೋಸ್ ಹನಿಸಿ, ಆದರೆ ಬರಿಯ ನೀರಿನಂಥ ದ್ರವದಿಂದ ಸೋಡಿಯಂ ಇನ್ನಷ್ಟು ಇಳಿಯದಂತೆ ಎಚ್ಚರವಹಿಸಿ. ತೀವ್ರ ದಾಳಿಗೆ ನಿಜವಾದ ಮದ್ದು ಹೀಮಿನ್: ದಿನಕ್ಕೆ ಕಿಲೋ ತೂಕಕ್ಕೆ 3ರಿಂದ 4 ಮಿಲಿಗ್ರಾಂ, ಸಾಮಾನ್ಯವಾಗಿ 4 ದಿನ, ದೊಡ್ಡ ರಕ್ತನಾಳದ ಮೂಲಕ.

ಮೈಯ ಭಾಗಗಳು ಆಗಾಗ ಊದಿಕೊಳ್ಳುವ ಆನುವಂಶಿಕ ಆಂಜಿಯೋಎಡೀಮಾದಲ್ಲಿ ಕರುಳಿನ ಗೋಡೆಯೇ ಬಾತುಕೊಂಡು ಹೊಟ್ಟೆಯಲ್ಲಿ ನೀರು ಸೇರುತ್ತದೆ, ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ತುರಿಕೆಯಿಲ್ಲದೆ ತುಟಿಯೋ ರೆಪ್ಪೆಯೋ ಅಂಗೈಯೋ ಎಂದಾದರೂ ಊದಿತ್ತೇ ಎಂಬ ಪ್ರಶ್ನೆಗೆ ಇರುವ ಬೆಲೆ ಯಾವ ಸ್ಕ್ಯಾನಿಗೂ ಇಲ್ಲ. ರಕ್ತದಲ್ಲಿ ಸಿ4 ಎಂಬ ಪ್ರೋಟೀನ್ ಕಡಿಮೆಯಿರುತ್ತದೆ. ಅಡ್ರಿನಲಿನ್, ಸ್ಟೀರಾಯ್ಡ್ ಇದಕ್ಕೆ ನಾಟುವುದಿಲ್ಲ. ಬೇಕಾದದ್ದು ಸಿ1 ಇನ್ಹಿಬಿಟರ್ ಎಂಬ ಪ್ರೋಟೀನ್ ಅಥವಾ ಐಕಾಟಿಬಾಂಟ್ ಎಂಬ ಚುಚ್ಚುಮದ್ದು. ಸ್ಟೀರಾಯ್ಡ್ ಪ್ರಾಣ ಉಳಿಸುವ ಹೊಟ್ಟೆನೋವು ಬೇರೆ: ದ್ರವ ಎಷ್ಟು ಕೊಟ್ಟರೂ ರಕ್ತದೊತ್ತಡ ಏರದೆ, ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿದ್ದರೆ ಅದು ಅಡ್ರಿನಲ್ ಗ್ರಂಥಿಯ ವೈಫಲ್ಯವಾಗಿರಬಹುದು, ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋಲ್‌ಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡಿ. ಬೆರಳ ತುದಿಯ ಸಕ್ಕರೆ ಪರೀಕ್ಷೆಯನ್ನು ಎಲ್ಲರಿಗೂ ಮಾಡುವುದರಿಂದ ಹೊಟ್ಟೆನೋವಾಗಿಯೂ ಕಾಣಿಸಿಕೊಳ್ಳುವ, ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ಮಧುಮೇಹದ ಕೀಟೋಅಸಿಡೋಸಿಸ್ ಕೂಡ ಬಹುಪಾಲು ಸಿಕ್ಕಿಬೀಳುತ್ತದೆ.

ಪೋರ್ಫೈರಿಯಾ, ಆಂಜಿಯೋಎಡೀಮಾ ಎರಡರಲ್ಲೂ ಜೀನಿನ ದೋಷ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಶೇಕಡ 50. ಆದ್ದರಿಂದ ಅಂಥ ರೋಗಿಯನ್ನು ಮನೆಗೆ ಕಳಿಸುವ ಚೀಟಿಯಲ್ಲಿ ಕಾಯಿಲೆಯ ಹೆಸರು, ಮುಟ್ಟಬಾರದ ಔಷಧಿಗಳ ಹೆಸರು ದೊಡ್ಡ ಅಕ್ಷರದಲ್ಲಿರಲಿ. ಮುಂದಿನ ಸಲ ನಡುರಾತ್ರಿ ಅವರನ್ನು ನೋಡುವ ವೈದ್ಯರು ನೀವಾಗಿರುವುದಿಲ್ಲ. ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆಗೆ ಕರೆತರುವಂತೆ ಅದೇ ಚೀಟಿಯಲ್ಲಿ ಬರೆಯಿರಿ.