ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಗೊಂದು ಕೆಲಸ

ಕೇಳುಗರಿಗೆ ನಮಸ್ಕಾರ. ಇವತ್ತಿನ ನನ್ನ ಮಾತು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಮಂದಿಗೆ. ಹೇಳುವುದು ಒಂದೇ: ಅವರ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ.

ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ, ಕಿಡ್ನಿಯ ಬದಲು ರಕ್ತ ಸೋಸಿ ಹೆಚ್ಚಿನ ನೀರು ತೆಗೆಯುವ ಮಷಿನ್ ಪಕ್ಕದಲ್ಲಿ ಮಲಗಬೇಕು. ಕೈಗೆ ಎರಡು ದಪ್ಪ ಸೂಜಿ. ಕುಡಿಯುವ ನೀರಿಗೂ ಅಳತೆ. ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಮನೆಗೆ ಬಂದರೆ ನೀವೂ ‘ಸುಮ್ಮನೆ ಮಲಗಿ, ನಾವು ನೋಡ್ಕೋತೀವಿ’ ಅಂತೀರಿ. ಇನ್ನು ಆ ಮನುಷ್ಯನ ಪಾಲಿಗೆ ಏನು ಉಳಿಯಿತು?

ನಮ್ಮ ಡಯಾಲಿಸಿಸ್ ಘಟಕಕ್ಕೆ ಗಣಿತದ ಮೇಷ್ಟ್ರೊಬ್ಬರು ಬರುತ್ತಿದ್ದರು. ಬಂದವರೇ ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗುತ್ತಿದ್ದರು. ‘ಹೇಗಿದ್ದೀರಿ ಮೇಷ್ಟ್ರೇ?’ ಅಂದರೆ ಉತ್ತರ ಮಗನಿಂದ: ‘ಅಪ್ಪನಿಗೆ ನಿದ್ದೆಯಿಲ್ಲ ಸಾರ್.’ ನಾನು ಕೇಳಿದ್ದು ಮಗನನ್ನಲ್ಲ! ಒಂದು ದಿನ ಟೆಕ್ನಿಷಿಯನ್ ಹುಡುಗಿ ಕೈ ಬಿಡುವಿಲ್ಲದೆ ಚಾರ್ಟನ್ನು ಅವರಿಗೇ ಕೊಟ್ಟು, ‘ತೂಕ ನೀವೇ ಬರ್ಕೊಳ್ಳಿ ಸರ್’ ಅಂದಳು. ಬರೆದರು. ಮುಂದಿನ ಸರದಿಗೂ ಬರೆದರು. ಆಮೇಲೊಂದು ದಿನ ಕನ್ನಡಕ ಮೂಗಿನ ತುದಿಗಿಳಿಸಿ, ‘ಏನಮ್ಮಾ, ಕೊನೆಗೆ ರಕ್ತ ವಾಪಸ್ ಕೊಡುವಾಗ ಸಲೈನ್ ಬಿಡ್ತೀಯಲ್ಲ, ಅದೂ ನನ್ನ ಮೈಗೇ ತಾನೆ ಸೇರೋದು? ತೆಗೆಯೋ ನೀರಿನ ಲೆಕ್ಕದಲ್ಲಿ ಅದನ್ನ ಬಿಟ್ಟಿದ್ದೀಯ’ ಅಂದರು. ನೋಡಿದರೆ, ನಿಜವಾಗಿಯೂ ಬಿಟ್ಟುಹೋಗಿತ್ತು! ಅಲ್ಲಿಂದ ಅವರನ್ನು ಹಿಡಿಯುವವರೇ ಇಲ್ಲ. ಪಕ್ಕದ ಹಾಸಿಗೆಯವರ ಚಾರ್ಟಿಗೂ ಕೈ ಹಾಕಲು ಹೊರಟು, ನಾವೇ ತಡೆಯಬೇಕಾಯಿತು. ಸರದಿಗಳ ನಡುವೆ ಏರುವ ತೂಕ ಹೆಚ್ಚುಕಡಿಮೆ ನೀರಿನದೇ, ತಾವೇ ತೂಕ ಬರೆಯುವವರಾದ್ದರಿಂದ ಕುಡಿಯುವ ನೀರಿನ ಮೇಲೂ ಹಿಡಿತ ಬಂತು. ಎರಡು ಸರದಿಗಳ ನಡುವೆ ಮೈಯಲ್ಲಿ ನೀರು ಕಡಿಮೆ ತುಂಬಿದರೆ ಮಷಿನ್ ಅವಸರದಿಂದ ಎಳೆಯಬೇಕಿಲ್ಲ. ಅವರಿಗೆ ಕಾಲಿನ ಸ್ನಾಯು ಹಿಡಿಯುವುದೂ ಕಡಿಮೆಯಾಯಿತು. ಕಿಡ್ನಿ ಮಾತ್ರ ಮೊದಲಿನಂತೆಯೇ ಇತ್ತು.

ಮೇಷ್ಟ್ರ ಕತೆಯೇ ಅರ್ಧ ಹೊತ್ತು ತಿಂದಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗಾಗಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಇದ್ದರೆ ದಿನಾ ಬೆಳಿಗ್ಗೆ ಅದರ ಮೇಲೆ ಬೆರಳಿಟ್ಟು ಜುಮ್ಮೆನ್ನುವ ಕಂಪನ ಇದೆಯೇ ಎಂದು ಅವರೇ ನೋಡಿಕೊಳ್ಳಲಿ. ಕಂಪನ ನಿಂತಿದ್ದರೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಲಿ. ಮಾತ್ರೆ ಜೋಡಿಸುವುದು, ಮನೆಯ ಲೆಕ್ಕಪತ್ರ, ಅವರಿಂದ ಆದದ್ದೆಲ್ಲ ಅವರದ್ದೇ ಆಗಿರಲಿ. ಡಯಾಲಿಸಿಸ್ ಆದ ದಿನ ಗಂಟೆಗಟ್ಟಲೆ ಸುಸ್ತಿರುತ್ತದೆ, ಅದು ಸೋಮಾರಿತನವಲ್ಲ, ಮಲಗಲಿ ಬಿಡಿ. ಮಾರನೆಯ ದಿನ ಮಾತ್ರ ಮಲಗಿಸಬೇಡಿ!

ಇನ್ನು, ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿಯಿಲ್ಲ, ‘ಡಯಾಲಿಸಿಸ್ಸೇ ಬೇಡ’ ಎಂಬ ಮಾತು ಬರುತ್ತಿದೆ ಎಂದಾದರೆ ‘ಈ ಕಾಯಿಲೆಗೆ ಇದೆಲ್ಲ ಇದ್ದದ್ದೇ’ ಅಂತ ಸುಮ್ಮನಾಗಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೂ ಚಿಕಿತ್ಸೆ ಇದೆ. ಮುಂದಿನ ಸರದಿಗೆ ಹೋದಾಗಲೇ ಡಾಕ್ಟರ ಹತ್ತಿರ ಮಾತಾಡಿ. ನಮಸ್ಕಾರ.